ಸಂಘದ ಸಭಾಗೃಹಕ್ಕೆ ಇಳಿದು ಬರುವ ಆಕಾಶ: ಸಂಚಾರಿ ತಾರಾಲಯ ನಡೆಸುವ ಮುನ್ನ

ಮುಂಬಯಿ: ಸಂಘದ ಸತ್ಯನಾರಾಯಣ ಪೂಜೆಯ ದಿನ ಸಂಕಲ್ಪದ ಹೊತ್ತಿಗೆ ಭಟ್ಟರು ಮಗುವಿನ ನಕ್ಷತ್ರ ಯಾವುದೆಂದು ಕೇಳುತ್ತಾರೆ. ‘ರೋಹಿಣಿ’ ಎಂದು ತಾಯಿ ಥಟ್ಟನೆ ಉತ್ತರ ಕೊಡುತ್ತಾರೆ. ಅದೇ ಮಗು ಸಂಜೆ ಮನೆಗೆ ಬಂದು ‘ಅಮ್ಮಾ, ರೋಹಿಣಿ ಎಲ್ಲಿದೆ ತೋರಿಸು’ ಎಂದು ಕೇಳಿದರೆ ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಡೊಂಬಿವಲಿಯಿರಲಿ, ಮೀರಾರೋಡ್ ಇರಲಿ, ಹತ್ತನೇ ಮಾಳಿಗೆಯ ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ದೀಪ ಮತ್ತು ಧೂಳು ತುಂಬಿದ ಕಿತ್ತಳೆ ಬಣ್ಣದ ಆಕಾಶ. ಮೇ ರಜೆಯಲ್ಲಿ ಊರಿಗೆ ಹೋದಾಗ ಅಂಗಳದಲ್ಲಿ ನಿಂತು ನೋಡಿದ ನಾಲ್ಕು ನಕ್ಷತ್ರಗಳೇ ಮಕ್ಕಳ ಪಾಲಿಗೆ ವರ್ಷವಿಡೀ ಉಳಿಯುವ ಆಸ್ತಿ. ಆ ಅಂಗಳಗಳಿಗೂ ಈಗ ವಿದ್ಯುದ್ದೀಪ ಬಂದಿದೆ.

ಈ ಕೊರತೆಯನ್ನು ಸ್ವಲ್ಪವಾದರೂ ತುಂಬಬಲ್ಲ ಸಾಧನವೆಂದರೆ ಸಂಚಾರಿ ಡಿಜಿಟಲ್ ತಾರಾಲಯ. ಗಾಳಿ ತುಂಬಿದ ಬಟ್ಟೆಯ ಗುಮ್ಮಟ, ಅದರ ನಡುವೆ ಒಂದು ಪ್ರೊಜೆಕ್ಟರ್, ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್. ಇಷ್ಟನ್ನು ಒಂದು ಟೆಂಪೋದಲ್ಲಿ ಹಾಕಿಕೊಂಡು ಬಂದು ಎರಡು ತಾಸಿನೊಳಗೆ ಸಭಾಗೃಹದಲ್ಲಿ ಆಕಾಶವನ್ನೇ ನಿಲ್ಲಿಸಬಹುದು. ಆದರೆ ನೂರಾರು ಮಕ್ಕಳು ಸಾಲಿನಲ್ಲಿ ನಿಂತಿರುವಾಗ ಯಂತ್ರ ಕೈಕೊಟ್ಟರೆ ಸಂಘದ ಮಾನವೂ ಹೋಗುತ್ತದೆ, ಹಣವೂ ಹೋಗುತ್ತದೆ, ಮಕ್ಕಳ ಉತ್ಸಾಹವೂ ಹೋಗುತ್ತದೆ. ಮೊದಲೆರಡನ್ನು ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು, ಮೂರನೆಯದನ್ನು ಸರಿಪಡಿಸುವುದು ಕಷ್ಟ. ಆದ್ದರಿಂದ ವಾರ್ಷಿಕೋತ್ಸವಕ್ಕೋ ಮಕ್ಕಳ ದಿನಾಚರಣೆಗೋ ಇಂಥ ಪ್ರದರ್ಶನವನ್ನು ಇಟ್ಟುಕೊಳ್ಳುವ ಪದಾಧಿಕಾರಿಗಳು ಮತ್ತು ಯುವ ವಿಭಾಗದವರು ತಿಳಿದಿರಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಮ್ಯೂನಿಕ್‌ನಿಂದ ವರ್ಲಿಯವರೆಗೆ

ಗುಮ್ಮಟದೊಳಗೆ ಕೃತಕ ಆಕಾಶ ಮೂಡಿಸುವ ಯಂತ್ರ ಜರ್ಮನಿಯ ಕೊಡುಗೆ. ಕಾರ್ಲ್ ಝೈಸ್ ಕಂಪೆನಿಯ ಇಂಜಿನಿಯರ್ ವಾಲ್ಟರ್ ಬಾವರ್ಸ್‌ಫೆಲ್ಡ್ ಅವರ ನೇತೃತ್ವದಲ್ಲಿ ತಯಾರಾದ ಈ ಯಂತ್ರವನ್ನು 1923ರ ಅಕ್ಟೋಬರ್ 21ರಂದು ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿ ಮೊದಲ ಬಾರಿಗೆ ತೋರಿಸಲಾಯಿತು. ನಮ್ಮ ದೇಶದಲ್ಲಿ 1954ರಲ್ಲಿ ಪುಣೆಯ ತಿಲಕ್ ರಸ್ತೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಒಂದು ಪುಟ್ಟ ತಾರಾಲಯ ಬಂತು. 1963ರಲ್ಲಿ ಕೋಲ್ಕತಾದ ಬಿರ್ಲಾ ತಾರಾಲಯ, 1977ರ ಮಾರ್ಚ್ 3ರಂದು ಮುಂಬಯಿಯ ವರ್ಲಿಯಲ್ಲಿ ನೆಹರು ತಾರಾಲಯ, 1984ರಲ್ಲಿ ದೆಹಲಿ, 1985ರಲ್ಲಿ ಹೈದರಾಬಾದ್, 1988ರಲ್ಲಿ ಚೆನ್ನೈ, 1989ರಲ್ಲಿ ಬೆಂಗಳೂರು, ಹೀಗೆ ಕನ್ನಡಿಗರು ನೆಲೆಸಿದ ಹೆಚ್ಚಿನ ಮಹಾನಗರಗಳಿಗೆ ತಾರಾಲಯ ಒದಗಿತು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಉದ್ಘಾಟನೆಗೊಂಡಿತು.

ವರ್ಲಿಯ ತಾರಾಲಯ ಬಾಗಿಲು ತೆರೆದ 1977ರಲ್ಲೇ ಅಮೆರಿಕದ ಫಿಲಿಪ್ ಸ್ಯಾಡ್ಲರ್ ಎಂಬ ವಿಜ್ಞಾನ ಶಿಕ್ಷಕರು ಗಾಳಿ ತುಂಬಿದ ಗುಮ್ಮಟದ ‘ಸ್ಟಾರ್‌ಲ್ಯಾಬ್’ ಎಂಬ ಸಂಚಾರಿ ತಾರಾಲಯವನ್ನು ರೂಪಿಸಿದರು. ತಾರಾಲಯಕ್ಕೆ ಹೋಗಲಾಗದ ಮಕ್ಕಳ ಬಳಿಗೆ ತಾರಾಲಯವೇ ಹೋಗಬೇಕೆಂಬುದು ಇದರ ಹಿಂದಿದ್ದ ವಿಚಾರ. ಅಂದಿನ ಯಂತ್ರದಲ್ಲಿ ಒಂದು ಬಲ್ಬು, ಅದರ ಸುತ್ತ ನಕ್ಷತ್ರಗಳ ಚುಕ್ಕೆಗಳಿದ್ದ ಸಿಲಿಂಡರ್ ಇಷ್ಟೇ ಇದ್ದವು. ಕೆಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಇಂದಿನ ಡಿಜಿಟಲ್ ಯಂತ್ರ ಅದಕ್ಕಿಂತ ನೂರು ಪಾಲು ಹೆಚ್ಚು ತೋರಿಸುತ್ತದೆ, ಹಾಗೆಯೇ ನೂರು ಕಡೆ ಕೈಕೊಡಲೂಬಹುದು.

ಪೆಟ್ಟಿಗೆಯಲ್ಲಿ ಏನೇನಿರುತ್ತದೆ?

ಡಿಜಿಟಲ್ ಸಂಚಾರಿ ತಾರಾಲಯವೆಂದರೆ ಮುಖ್ಯವಾಗಿ ಐದು ವಸ್ತುಗಳು. ಮೊದಲನೆಯದು ಹೊರಗಿನ ಬೆಳಕು ಒಳಬಾರದ, ಬೆಂಕಿ ಬೇಗ ತಗಲದ ಬಟ್ಟೆಯ ಗುಮ್ಮಟ. ಎರಡನೆಯದು ಅದನ್ನು ಉಬ್ಬಿಸಿ ನಿಲ್ಲಿಸುವ ಬ್ಲೋವರ್, ಅಂದರೆ ದೊಡ್ಡ ಫ್ಯಾನ್. ಮೂರನೆಯದು ಪ್ರೊಜೆಕ್ಟರ್ ಮತ್ತು ಅದರ ಮೂತಿಗೆ ಹಾಕುವ ಫಿಶ್‌ಐ ಲೆನ್ಸ್. ಸಾಮಾನ್ಯ ಲೆನ್ಸ್ ಎದುರಿನ ಗೋಡೆಗೆ ಮಾತ್ರ ಚಿತ್ರ ಬೀರಿದರೆ, ಇದು ದಿಗಂತದಿಂದ ದಿಗಂತದವರೆಗೆ 180 ಡಿಗ್ರಿಯಷ್ಟು ಚಿತ್ರವನ್ನು ಹರಡುತ್ತದೆ. ನಾಲ್ಕನೆಯದು ಲ್ಯಾಪ್‌ಟಾಪ್ ಮತ್ತು ಆಕಾಶ ತೋರಿಸುವ ಸಾಫ್ಟ್‌ವೇರ್. ಐದನೆಯದು ಧ್ವನಿವರ್ಧಕ.

ಸಾಫ್ಟ್‌ವೇರಿಗೆ ದುಡ್ಡು ಸುರಿಯಲೇಬೇಕೆಂದಿಲ್ಲ. ಫ್ರಾನ್ಸಿನ ಫೇಬಿಯನ್ ಶೆರೋ 2001ರಲ್ಲಿ ಆರಂಭಿಸಿದ ‘ಸ್ಟೆಲ್ಲೇರಿಯಂ’ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಫಿಶ್‌ಐ ನೋಟವನ್ನು ಆರಿಸಿ, ದೃಷ್ಟಿವ್ಯಾಪ್ತಿಯನ್ನು 180 ಡಿಗ್ರಿಗೆ ಇಟ್ಟು, ನೋಟವನ್ನು ನೆತ್ತಿಗೆ ತಿರುಗಿಸಿದರೆ ಗುಮ್ಮಟಕ್ಕೆ ಬೇಕಾದ ದುಂಡು ಚಿತ್ರ ಸಿದ್ಧ. ಯುವ ವಿಭಾಗದ ಹುಡುಗರು ಇದನ್ನು ಮನೆಯ ಕಂಪ್ಯೂಟರಿನಲ್ಲಿ ಒಂದು ತಿಂಗಳು ಮೊದಲೇ ಅಭ್ಯಾಸ ಮಾಡಿಕೊಳ್ಳಬಹುದು.

ಮೊದಲು ಲೆಕ್ಕ, ಆಮೇಲೆ ಕೂಪನ್

ಸಾಮಾನ್ಯವಾಗಿ ಸಿಗುವ ಗುಮ್ಮಟದ ವ್ಯಾಸ ಸುಮಾರು 16 ಅಡಿ, ಎತ್ತರ ಹತ್ತು ಹನ್ನೊಂದು ಅಡಿ. ಇದರೊಳಗೆ ಚಾಪೆ ಹಾಸಿ ಒಂದು ಸಲಕ್ಕೆ 25 ಮಕ್ಕಳನ್ನು ಆರಾಮವಾಗಿ ಕೂರಿಸಬಹುದು. ಪ್ರದರ್ಶನಕ್ಕೆ 20 ನಿಮಿಷ, ಒಳಬರಲು ಹೊರಹೋಗಲು 10 ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ ಎರಡು ಪ್ರದರ್ಶನ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಎಂಟು ಪ್ರದರ್ಶನ, ಒಟ್ಟು 200 ಮಕ್ಕಳು. ಇದು ಯಾವ ಅಡಚಣೆಯೂ ಬಾರದಿದ್ದರೆ ಮಾತ್ರ. ಕೋಶಾಧಿಕಾರಿಗಳು 400 ಕೂಪನ್ ಅಚ್ಚು ಹಾಕಿಸಿದರೆ ಉಳಿದ 200 ಮಕ್ಕಳು ಬಾಗಿಲಲ್ಲೇ ಅಳಬೇಕಾಗುತ್ತದೆ. ಒಂದು ಪ್ರದರ್ಶನದ ಅವಧಿಯನ್ನು ಮೀಸಲಾಗಿ ಉಳಿಸಿಕೊಂಡು 175 ಕೂಪನ್ ಮಾತ್ರ ಹಂಚುವುದು ಜಾಣತನ. ಕೂಪನ್ ಮೇಲೆ ಸಮಯ ಬರೆದರೆ ಸಾಲಿನ ಗದ್ದಲವೂ ತಪ್ಪುತ್ತದೆ.

ಸಭಾಗೃಹ ಕಾಯ್ದಿರಿಸುವಾಗ ಬಾಡಿಗೆಯನ್ನಷ್ಟೇ ಕೇಳಿ ಬರುವುದು ಸಾಲದು. ಅಳತೆಯ ಟೇಪು ಹಿಡಿದುಕೊಂಡು ಹೋಗಬೇಕು. ನೆಲದಿಂದ ಮಾಡಿಗೆ ಇರುವ ಎತ್ತರಕ್ಕಿಂತ ಸೀಲಿಂಗ್ ಫ್ಯಾನಿನ ರೆಕ್ಕೆಯವರೆಗಿನ ಎತ್ತರ ಮುಖ್ಯ. ಗುಮ್ಮಟದ ಮೇಲಿನ ಫ್ಯಾನುಗಳ ಸ್ವಿಚ್ಚಿಗೆ ಟೇಪು ಅಂಟಿಸಿ, ಯಾರೂ ಸೆಕೆಯೆಂದು ಒತ್ತದಂತೆ ನೋಡಿಕೊಳ್ಳಬೇಕು. ಮದುವೆಗೆ ಕಟ್ಟಿದ ತೋರಣದ ತಂತಿ, ಮೊಳೆ, ಝೂಮರ್ ಯಾವುದೂ ಬಟ್ಟೆಗೆ ತಾಗಬಾರದು. ಗುಮ್ಮಟದ ಸುತ್ತ ಒಬ್ಬರು ನಡೆದಾಡುವಷ್ಟು ಜಾಗ ಬಿಡಬೇಕು. ಪೆಟ್ಟಿಗೆಗಳು ಲಿಫ್ಟಿನಲ್ಲಿ ಹಿಡಿಯುತ್ತವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಹತ್ತಕ್ಕೆ ಮೊದಲ ಪ್ರದರ್ಶನವಿದ್ದರೆ ಎಂಟಕ್ಕಿಂತ ಮೊದಲೇ ಕೀಲಿಕೈ ಕೈಗೆ ಸಿಗಬೇಕು.

ಇನ್ನು ವಿದ್ಯುತ್ತು. ಬ್ಲೋವರಿಗೆ ಒಂದು ಸಾಲಿನಿಂದ, ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪಿಗೆ ಇನ್ನೊಂದು ಸಾಲಿನಿಂದ ವಿದ್ಯುತ್ ಪಡೆಯುವುದು ಒಳ್ಳೆಯದು. ಅಡುಗೆಯವರ ಚಹಾ ಬಾಯ್ಲರ್ ಅದೇ ಪ್ಲಗ್ಗಿಗೆ ಸೇರಿದರೆ ಫ್ಯೂಸ್ ಹಾರಿ, ಚಹಾ ಕಾಯುವ ಮೊದಲೇ ಆಕಾಶ ಕುಸಿಯುತ್ತದೆ. ಪ್ರೊಜೆಕ್ಟರಿಗೆ ಯುಪಿಎಸ್ ಇರಲೇಬೇಕು.

ಜೋಡಿಸುವ ಕ್ರಮ

ಮೊದಲು ನೆಲ ಗುಡಿಸಿ, ಚಾಪೆ ಹಾಸಿ, ಅದರ ಮೇಲೆ ಗುಮ್ಮಟದ ಬಟ್ಟೆ ಹರಡಬೇಕು. ಬ್ಲೋವರ್ ಹಚ್ಚಿದ ಮೇಲೆ ಗುಮ್ಮಟ ತಾನಾಗಿ ಏಳುತ್ತದೆ. ಎಳೆದು ನಿಲ್ಲಿಸಲು ಹೋಗಬಾರದು, ಹೊಲಿಗೆ ಬಿಡುತ್ತದೆ. ಪೂರ್ತಿ ಉಬ್ಬಿ ಸುಕ್ಕು ಹೋದ ಮೇಲೆಯೇ ಪ್ರೊಜೆಕ್ಟರನ್ನು ಒಳಗೆ ಒಯ್ಯಬೇಕು.

ಪ್ರೊಜೆಕ್ಟರನ್ನು ಸರಿಯಾಗಿ ನಡುವೆ ಇಡುವುದು ಇಡೀ ಕೆಲಸದ ಗುಟ್ಟು. 16 ಅಡಿಯ ಗುಮ್ಮಟದಲ್ಲಿ ನಡುವಿನಿಂದ ಗೋಡೆಗೆ ಎಲ್ಲ ಕಡೆಗೂ ಎಂಟಡಿ. ಒಂದಡಿ ಈಚೆ ಸರಿದರೆ ಒಂದು ಕಡೆ ಏಳು, ಇನ್ನೊಂದು ಕಡೆ ಒಂಬತ್ತು ಅಡಿಯಾಗಿ, ಒಂದು ಕಡೆಯ ನಕ್ಷತ್ರ ಚೊಕ್ಕವಾಗಿ ಕಂಡರೆ ಇನ್ನೊಂದು ಕಡೆಯದು ಹತ್ತಿಯ ಉಂಡೆಯಂತೆ ಕಾಣುತ್ತದೆ. ದಾರದಿಂದ ಅಳೆದು, ಸ್ಟ್ಯಾಂಡಿನ ಕಾಲುಗಳಿಗೆ ನೆಲದಲ್ಲಿ ಟೇಪಿನ ಗುರುತು ಹಾಕಬೇಕು. ಲೆನ್ಸು ಕುಳಿತ ಮಕ್ಕಳ ತಲೆಗಿಂತ ಸ್ವಲ್ಪ ಮೇಲಿರಬೇಕು, ಇಲ್ಲದಿದ್ದರೆ ದಿಗಂತದ ತುಂಬ ತಲೆಗಳ ನೆರಳೇ ಮೂಡುತ್ತದೆ.

ಬಳಿಕ ಪ್ರೊಜೆಕ್ಟರ್ ಹಚ್ಚಿ, ಕೇಬಲ್ ಸಿಕ್ಕಿಸಿ, ಕೊನೆಗೆ ಲ್ಯಾಪ್‌ಟಾಪ್ ತೆರೆಯಬೇಕು. ಸ್ಟೆಲ್ಲೇರಿಯಂನಲ್ಲಿ ‘ಜೆಡ್’ ಕೀಲಿ ಒತ್ತಿದರೆ ದಿಕ್ಕು ಮತ್ತು ಎತ್ತರದ ಗೆರೆಗಳ ಬಲೆ ಮೂಡುತ್ತದೆ. ಗೆರೆಗಳೆಲ್ಲ ಕೂಡುವ ನೆತ್ತಿಯ ಬಿಂದು ಗುಮ್ಮಟದ ತುದಿಯ ಹೊಲಿಗೆಗೆ ಸರಿಯಾಗಿ ಬೀಳುವಂತೆ ಪ್ರೊಜೆಕ್ಟರನ್ನು ಸರಿಪಡಿಸಬೇಕು. ಫೋಕಸ್ ಮಾಡುವಾಗ ನೆತ್ತಿಯನ್ನು ನೋಡುತ್ತ ಕೂರದೆ, ದಿಗಂತಕ್ಕೂ ನೆತ್ತಿಗೂ ನಡುವಿನ ಎತ್ತರದಲ್ಲಿರುವ ಅಕ್ಷರಗಳು ಓದಲು ಬರುವಂತೆ ಲೆನ್ಸ್ ತಿರುಗಿಸಿದರೆ ಮೇಲೂ ಕೆಳಗೂ ತಕ್ಕಮಟ್ಟಿಗೆ ಹೊಂದುತ್ತದೆ.

ಕೈಕೊಟ್ಟಾಗ ಎಲ್ಲಿ ನೋಡಬೇಕು?

ಯಂತ್ರ ಕೈಕೊಟ್ಟಾಗ ನಾಲ್ಕು ಜನ ನಾಲ್ಕು ಗುಂಡಿ ಒತ್ತುವುದೇ ದೊಡ್ಡ ತೊಂದರೆ. ಒಬ್ಬರೇ ಕೈ ಹಾಕಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಸಂಜೆ ಕ್ಯಾಶ್ ಹೊಂದದಿದ್ದಾಗ ಕ್ಯಾಶಿಯರ್ ಮೊದಲಿನಿಂದ ಒಂದೊಂದೇ ವೋಚರ್ ನೋಡುವಂತೆ, ಇಲ್ಲಿಯೂ ವಿದ್ಯುತ್, ಪ್ರೊಜೆಕ್ಟರ್, ಕೇಬಲ್, ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಎಂಬ ಕ್ರಮದಲ್ಲಿ ಬರಬೇಕು.

ಚಿತ್ರವೇ ಬಾರದಿದ್ದರೆ: ಪ್ರೊಜೆಕ್ಟರಿನಲ್ಲಿ ಸರಿಯಾದ ಇನ್‌ಪುಟ್ ಆರಿಸಲಾಗಿದೆಯೇ ನೋಡಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿ ಮತ್ತು ‘ಪಿ’ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಚಿತ್ರ ಎಲ್ಲಿಗೆ ಹೋಗಬೇಕೆಂಬ ಆಯ್ಕೆ ಬರುತ್ತದೆ. ಆದರೂ ಬಾರದಿದ್ದರೆ ಕೇಬಲ್ ಬದಲಿಸಿ. ಮತ್ತೆ ಮತ್ತೆ ಸುತ್ತಿ ಬಿಚ್ಚಿದ ಉದ್ದನೆಯ ಕೇಬಲ್ ಕೈಕೊಡುವುದು ಸಾಮಾನ್ಯ. ಇನ್ನೊಂದು ಕೇಬಲ್ ಜೊತೆಯಲ್ಲಿ ಇರಲೇಬೇಕು.

ಚಿತ್ರ ಬಂದರೂ ಮಬ್ಬಾಗಿದ್ದರೆ: ಲೆನ್ಸ್ ತಿರುಗಿಸುವ ಮೊದಲು ಲ್ಯಾಪ್‌ಟಾಪ್ ಕಳಿಸುತ್ತಿರುವ ಚಿತ್ರದ ಅಳತೆ ನೋಡಬೇಕು. ಎರಡೂ ಕಡೆ ಒಂದೇ ಚಿತ್ರ ತೋರಿಸುವ ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪಿನ ಸಣ್ಣ ಅಳತೆಯೇ ಪ್ರೊಜೆಕ್ಟರಿಗೂ ಹೋಗಿಬಿಡಬಹುದು. ಪ್ರೊಜೆಕ್ಟರಿನ ಮೂಲ ಅಳತೆಯನ್ನೇ ಕಳಿಸಬೇಕು. ಅದು ಸರಿಯಿದ್ದರೆ ಲೆನ್ಸ್ ನೋಡಿ. ಏಸಿ ಕಾರಿನಿಂದ ಇಳಿಸಿ ಮುಂಬಯಿಯ ಸೆಕೆಗೆ ತಂದ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ. ಒರೆಸಲು ಹೋಗದೆ ಅರ್ಧ ತಾಸು ಹಾಗೆಯೇ ಬಿಟ್ಟರೆ ತಾನಾಗಿ ಆರುತ್ತದೆ. ಪಂಚೆಯ ತುದಿ, ಕೈವಸ್ತ್ರ, ಸೀರೆಯ ಸೆರಗು ಯಾವುದೂ ಲೆನ್ಸಿಗೆ ತಾಗಕೂಡದು.

ದುಂಡು ಚಿತ್ರ ಮೊಟ್ಟೆಯಾದರೆ: ಇದು ಬಹುಮಟ್ಟಿಗೆ ಪ್ರೊಜೆಕ್ಟರಿನ ಅತಿಬುದ್ಧಿಯ ಫಲ. ಓರೆಯಾಗಿ ಇಟ್ಟಾಗ ಚಿತ್ರವನ್ನು ತಾನಾಗಿ ಚೌಕ ಮಾಡುವ ‘ಆಟೋ ಕೀಸ್ಟೋನ್’ ಎಂಬ ಏರ್ಪಾಡು ಹಲವು ಪ್ರೊಜೆಕ್ಟರುಗಳಲ್ಲಿದೆ. ಇಲ್ಲಿ ಪ್ರೊಜೆಕ್ಟರ್ ಮೇಲ್ಮುಖವಾಗಿ ಇರುವುದರಿಂದ ಅದು ತಪ್ಪು ತಿಳಿದು ವೃತ್ತವನ್ನು ಜಗ್ಗುತ್ತದೆ. ಅದನ್ನು ಆರಿಸಿಡಬೇಕು. ಚಿತ್ರವನ್ನು ಅಗಲಕ್ಕೆ ಹಿಗ್ಗಿಸುವ ಆಯ್ಕೆಯನ್ನೂ ಆರಿಸಿಡಬೇಕು.

ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ: ಪ್ರೊಜೆಕ್ಟರ್ ‘ಹಿಂದಿನಿಂದ ತೋರಿಸುವ’ ವ್ಯವಸ್ಥೆಯಲ್ಲಿದೆ ಎಂದರ್ಥ. ಮೆನುವಿನಲ್ಲಿ ‘ಮುಂದಿನಿಂದ’ ಎಂದು ಬದಲಿಸಬೇಕು. ಇದನ್ನು ಗಮನಿಸದಿದ್ದರೆ ದಕ್ಷಿಣಕ್ಕೆ ಮುಖ ಮಾಡಿ ಕುಳಿತ ಮಕ್ಕಳಿಗೆ ನಕ್ಷತ್ರಗಳು ಎಡಗಡೆಯ ಪೂರ್ವದಲ್ಲಿ ಹುಟ್ಟುವ ಬದಲು ಬಲಗಡೆ ಹುಟ್ಟುತ್ತವೆ. ಕಲಿಸಲು ಹೋಗಿ ತಪ್ಪು ಕಲಿಸಿದಂತಾಗುತ್ತದೆ.

ಆಕಾಶವೇ ಬೇರೆ ಊರಿನದಾದರೆ: ಸ್ಟೆಲ್ಲೇರಿಯಂ ತಾನಿರುವ ಊರನ್ನು ಇಂಟರ್‌ನೆಟ್ ಮೂಲಕ ಊಹಿಸುತ್ತದೆ. ಸಭಾಗೃಹದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದು ತನ್ನ ಮೂಲ ಊರಾದ ಪ್ಯಾರಿಸ್ಸಿನ ಆಕಾಶ ತೋರಿಸಿಬಿಡಬಹುದು. ಕಂಡುಹಿಡಿಯುವುದು ಸುಲಭ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ನೋಡಿದರಾಯಿತು. ಅದು ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ ಇರುತ್ತದೆ. ಮುಂಬಯಿಗೆ 19, ಪುಣೆಗೆ ಹದಿನೆಂಟೂವರೆ, ಹೈದರಾಬಾದಿಗೆ ಹದಿನೇಳೂವರೆ, ಚೆನ್ನೈಗೆ 13, ದೆಹಲಿಗೆ ಇಪ್ಪತ್ತೆಂಟೂವರೆ. 49 ಎಂದು ಕಂಡರೆ ಅದು ಪ್ಯಾರಿಸ್ಸು! ಊರಿನ ಹೆಸರನ್ನು ಕೈಯಿಂದ ಹಾಕಿ, ಗಡಿಯಾರ ಭಾರತೀಯ ಕಾಲಮಾನದಲ್ಲಿದೆಯೇ ನೋಡಿಕೊಳ್ಳಬೇಕು.

ಕತ್ತಲೆ ಕಪ್ಪಾಗದೆ ಬೂದಿ ಬಣ್ಣಕ್ಕಿದ್ದರೆ: ಡಿಜಿಟಲ್ ಪ್ರೊಜೆಕ್ಟರ್ ಕಪ್ಪು ಬಣ್ಣ ತೋರಿಸುವಾಗಲೂ ಸ್ವಲ್ಪ ಬೆಳಕು ಸೋರಿಸುತ್ತದೆ. ಮಿತವ್ಯಯದ ‘ಇಕೋ’ ವ್ಯವಸ್ಥೆಗೆ ಹಾಕಿ, ಬ್ರೈಟ್‌ನೆಸ್ ತಗ್ಗಿಸಿದರೆ ನಕ್ಷತ್ರಗಳು ಎದ್ದು ಕಾಣುತ್ತವೆ. ಹೆಚ್ಚು ಬೆಳಕಿನ ಪ್ರೊಜೆಕ್ಟರೇ ಉತ್ತಮ ಎಂಬುದು ಗುಮ್ಮಟದೊಳಗೆ ನಡೆಯದ ಮಾತು. ಪ್ರವೇಶದ ಸುರಂಗದಿಂದ ಬೆಳಕು ನುಸುಳದಂತೆ ದಪ್ಪ ಪರದೆ ಹಾಕಬೇಕು. ಮಕ್ಕಳನ್ನು ಮೊದಲು ಐದು ನಿಮಿಷ ಮಂದ ಬೆಳಕಿನಲ್ಲಿ ಕೂರಿಸಿ ಕಥೆ ಹೇಳುತ್ತಿದ್ದರೆ ಅವರ ಕಣ್ಣೂ ಕತ್ತಲೆಗೆ ಹೊಂದಿಕೊಳ್ಳುತ್ತದೆ.

ನಡುವೆ ತಾನಾಗಿ ಆರಿದರೆ: ಯಂತ್ರ ಬಿಸಿಯಾಗಿದೆ ಎಂದು ತಿಳಿಯಬೇಕು. ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು ಅಥವಾ ಪ್ರೊಜೆಕ್ಟರಿನ ಗಾಳಿ ಕಿಂಡಿಗೆ ಬಟ್ಟೆ ಅಡ್ಡವಾಗಿರಬಹುದು. ಬಲ್ಬಿನ ಹಳೆಯ ಪ್ರೊಜೆಕ್ಟರುಗಳಲ್ಲಿ ಕೆಲವನ್ನು ನೇರ ಮೇಲ್ಮುಖವಾಗಿ ಇಡಬಾರದೆಂದು ಕೈಪಿಡಿಯಲ್ಲೇ ಬರೆದಿರುತ್ತದೆ. ಬಾಡಿಗೆಗೆ ತರುವಾಗ ಇದನ್ನು ಕೇಳಬೇಕು. ಬಿಸಿಯಾದ ಯಂತ್ರವನ್ನು ತಕ್ಷಣ ಮತ್ತೆ ಹಚ್ಚದೆ, ಆ ಹೊತ್ತಿನಲ್ಲಿ ಟಾರ್ಚ್ ಮತ್ತು ಒಂದು ಚೆಂಡು ಹಿಡಿದು ಚಂದ್ರನ ಕಲೆಗಳು ಏಕೆ ಬದಲಾಗುತ್ತವೆ ಎಂದು ಮಕ್ಕಳಿಗೆ ತೋರಿಸಬಹುದು. ಕತ್ತಲ ಗುಮ್ಮಟದಲ್ಲಿ ಈ ಪಾಠ ಯಂತ್ರವಿಲ್ಲದೆಯೂ ಚೆನ್ನಾಗಿ ನಡೆಯುತ್ತದೆ.

ಆಕಾಶದ ನಡುವೆ ಸೂಚನೆಗಳು ಇಣುಕಿದರೆ: ಸಪ್ತರ್ಷಿ ಮಂಡಲದ ಮೇಲೆ ‘ನಿಮ್ಮ ಕಂಪ್ಯೂಟರ್ ಮತ್ತೆ ಆರಂಭವಾಗಲಿದೆ’ ಎಂಬ ಸೂಚನೆ ಮೂಡಿದರೆ ಗುಮ್ಮಟವೆಲ್ಲ ನಗೆಗಡಲು. ಹಿಂದಿನ ರಾತ್ರಿಯೇ ಅಪ್‌ಡೇಟ್ ಮುಗಿಸಿ, ಇಂಟರ್‌ನೆಟ್ ಕಡಿದು, ಸ್ಕ್ರೀನ್‌ಸೇವರ್ ಮತ್ತು ನಿದ್ರೆಯ ವ್ಯವಸ್ಥೆಯನ್ನು ಆರಿಸಿಡಬೇಕು.

ವರ್ಲಿಯಷ್ಟು ಚೆಂದ ಏಕಿಲ್ಲ?

ವರ್ಲಿಯ ತಾರಾಲಯ ನೋಡಿಬಂದ ಹಿರಿಯರು ಗುಮ್ಮಟದಿಂದ ಹೊರಬಂದು ‘ಅಲ್ಲಿಯಷ್ಟು ಚೊಕ್ಕವಾಗಿಲ್ಲ’ ಎನ್ನುವುದುಂಟು. ಇದು ದೋಷವಲ್ಲ, ಲೆಕ್ಕ. ಅಡ್ಡ 1920, ಉದ್ದ 1080 ಚುಕ್ಕೆಗಳ ಪ್ರೊಜೆಕ್ಟರಿನಲ್ಲಿ ದುಂಡು ಚಿತ್ರಕ್ಕೆ ಸಿಗುವ ವ್ಯಾಸ 1080 ಚುಕ್ಕೆ ಮಾತ್ರ. ಒಟ್ಟು ಚುಕ್ಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥ. ಆ 1080 ಚುಕ್ಕೆಗಳು 180 ಡಿಗ್ರಿ ಆಕಾಶವನ್ನು ಹಂಚಿಕೊಂಡಾಗ ಒಂದು ಡಿಗ್ರಿಗೆ ಆರು ಚುಕ್ಕೆ. ಅರ್ಧ ಡಿಗ್ರಿಯಷ್ಟಿರುವ ಹುಣ್ಣಿಮೆಯ ಚಂದ್ರನಿಗೆ ಬರುವುದು ಮೂರೇ ಚುಕ್ಕೆ! ಆದ್ದರಿಂದ ಚಂದ್ರನನ್ನೋ ಶನಿಯ ಬಳೆಯನ್ನೋ ತೋರಿಸುವಾಗ ದೊಡ್ಡದಾಗಿ ಎಳೆದು ತೋರಿಸಬೇಕು. ಇದನ್ನು ಆರಂಭದಲ್ಲೇ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರೆ ಯಾರಿಗೂ ನಿರಾಶೆಯಾಗದು.

ಮಕ್ಕಳ ಸುರಕ್ಷೆಗೆ ರಾಜಿಯಿಲ್ಲ

ಕರೆಂಟು ಹೋದರೆ ಗುಮ್ಮಟ ಒಮ್ಮೆಲೇ ಬೀಳುವುದಿಲ್ಲ, ನಿಧಾನವಾಗಿ ಕುಗ್ಗುತ್ತದೆ. ಗಾಬರಿಯಲ್ಲಿ ನೂಕುನುಗ್ಗಲಾಗದಂತೆ ನೋಡಿಕೊಳ್ಳುವುದೇ ಮುಖ್ಯ. ಬಾಗಿಲ ಬಳಿ ಒಬ್ಬರು, ಯಂತ್ರದ ಬಳಿ ಒಬ್ಬರು, ಹೀಗೆ ಟಾರ್ಚ್ ಹಿಡಿದ ಇಬ್ಬರು ಹಿರಿಯರು ಸದಾ ಒಳಗಿರಬೇಕು. ಬಾಗಿಲ ಬಳಿಯವರು ಬಟ್ಟೆ ಎತ್ತಿ ದಾರಿ ಮಾಡಿದರೆ, ಯಂತ್ರದ ಬಳಿಯವರು ಬಟ್ಟೆ ಬಿಸಿ ಪ್ರೊಜೆಕ್ಟರಿನ ಮೇಲೆ ಬೀಳದಂತೆ ತಡೆಯಬೇಕು. ಮೊದಲ ಪ್ರದರ್ಶನಕ್ಕಿಂತ ಮುಂಚೆ ಸ್ವಯಂಸೇವಕರೇ ಒಳಗೆ ಕುಳಿತು, ಬ್ಲೋವರ್ ಆರಿಸಿ, ಹೊರಬರುವ ಅಭ್ಯಾಸವನ್ನು ಒಮ್ಮೆ ಮಾಡಿ ನೋಡಬೇಕು. ಒಳಹೋಗುವಾಗಲೂ ಹೊರಬರುವಾಗಲೂ ತಲೆ ಎಣಿಸಬೇಕು.

ನಮ್ಮ ಸಂಘಗಳಲ್ಲಿ ದೀಪ ಬೆಳಗದೆ ಯಾವ ಕಾರ್ಯಕ್ರಮವೂ ಆರಂಭವಾಗುವುದಿಲ್ಲ. ಆಗಲಿ, ಆದರೆ ದೀಪ ಪ್ರಜ್ವಲನೆ ವೇದಿಕೆಯ ಮೇಲೆಯೇ ಮುಗಿಯಲಿ. ಗುಮ್ಮಟದ ಹತ್ತಿರ ಕಾಲುದೀಪ, ಊದುಬತ್ತಿ, ಕರ್ಪೂರದ ಆರತಿ ಬೇಡವೇ ಬೇಡ. ಆಯುಧಪೂಜೆಯಂತೆ ಪ್ರೊಜೆಕ್ಟರಿಗೆ ಕುಂಕುಮ ಹಚ್ಚುವ ಭಕ್ತಿಯೂ ಬೇಡ, ಆ ಪುಡಿ ಲೆನ್ಸಿಗೆ ಶತ್ರು.

ಮಕ್ಕಳು ಲೆನ್ಸಿನೊಳಗೆ ಇಣುಕಿ ನೋಡಬಾರದು. ಲೇಸರ್ ಬೆಳಕಿನ ಪ್ರೊಜೆಕ್ಟರ್ ಆದರಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು. ಆಕಾಶವನ್ನು ಗಿರಗಿರನೆ ತಿರುಗಿಸಿದರೆ ಹೊಟ್ಟೆ ತೊಳಸುತ್ತದೆ, ಊಟವಾದ ಮೇಲಿನ ಪ್ರದರ್ಶನದಲ್ಲಿ ಇನ್ನೂ ಹೆಚ್ಚು. ಅಪಸ್ಮಾರ, ಉಬ್ಬಸ ಅಥವಾ ಕತ್ತಲೆಯ ಭಯವಿರುವ ಮಕ್ಕಳನ್ನು ಬಾಗಿಲ ಹತ್ತಿರ, ಪೋಷಕರ ಜೊತೆ ಕೂರಿಸಬೇಕು. ಅಪಸ್ಮಾರವಿರುವವರು ಒಳಗಿದ್ದರೆ ಮಿನುಗಿ ಆರುವ ದೃಶ್ಯಗಳನ್ನು ಬಿಟ್ಟುಬಿಡಬೇಕು.

ಕೊಳ್ಳುವುದೋ, ಬಾಡಿಗೆಗೆ ತರುವುದೋ?

ಮೊದಲ ವರ್ಷ ಬಾಡಿಗೆಗೆ ತರುವುದೇ ಲೇಸು. ಕರಾರಿನಲ್ಲಿ ಗುಮ್ಮಟದ ಅಳತೆ, ಪ್ರದರ್ಶನಗಳ ಸಂಖ್ಯೆ, ಯಂತ್ರ ನಿಂತರೆ ಹಣ ಎಷ್ಟು ಹಿಂದಿರುಗಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಪೂರ್ತಿ ಹಣವನ್ನು ಮುಂಗಡವಾಗಿ ಕೊಡದೆ, ಒಂದು ಪಾಲನ್ನು ಕೊನೆಯ ಪ್ರದರ್ಶನದ ಬಳಿಕ ಕೊಡುವುದು ಒಳ್ಳೆಯದು. ಕೊಳ್ಳುವ ಆಸೆ ಬಂದರೆ ನಾಲ್ಕಾರು ಸಂಘಗಳು ಕೂಡಿ ಕೊಳ್ಳಬಹುದು. ಆಗ ಯಂತ್ರ ಯಾರ ವಶದಲ್ಲಿ, ರಿಪೇರಿ ಖರ್ಚು ಯಾರದು, ವಿಮೆ ಇದೆಯೇ ಎಂಬುದು ಮಹಾಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.

ಫಿಶ್‌ಐ ಲೆನ್ಸ್ ದುಬಾರಿ ಎನಿಸಿದರೆ ಇನ್ನೊಂದು ದಾರಿಯಿದೆ. ಆಸ್ಟ್ರೇಲಿಯಾದ ಪಾಲ್ ಬೋರ್ಕ್ ಅವರು ರೂಪಿಸಿದ ವಿಧಾನದಲ್ಲಿ ಸಾಮಾನ್ಯ ಪ್ರೊಜೆಕ್ಟರಿನ ಚಿತ್ರವನ್ನು ಗುಮ್ಮಟದ ಅಂಚಿನಲ್ಲಿಟ್ಟ ಉಬ್ಬುಗನ್ನಡಿಯ ಮೇಲೆ ಬೀಳಿಸಿ, ಅಲ್ಲಿಂದ ಗುಮ್ಮಟದ ತುಂಬ ಹರಡಲಾಗುತ್ತದೆ. ಕನ್ನಡಿಯಿಂದ ವಕ್ರವಾಗುವ ಚಿತ್ರವನ್ನು ಸಾಫ್ಟ್‌ವೇರ್ ಮೊದಲೇ ಅದಕ್ಕೆ ವಿರುದ್ಧವಾಗಿ ವಕ್ರಗೊಳಿಸಿ ಸರಿದೂಗಿಸುತ್ತದೆ. ಸ್ಟೆಲ್ಲೇರಿಯಂನಲ್ಲಿ ಇದಕ್ಕೂ ಅವಕಾಶವಿದೆ. ಖರ್ಚು ಕಡಿಮೆ, ಆದರೆ ಹೊಂದಿಸುವ ತಾಳ್ಮೆ ಹೆಚ್ಚು ಬೇಕು.

ಕಾರ್ಯಕ್ರಮ ಮುಗಿದ ಮೇಲಿನ ಅರ್ಧ ತಾಸೂ ಮುಖ್ಯ. ಬಲ್ಬಿನ ಪ್ರೊಜೆಕ್ಟರ್ ತಣ್ಣಗಾಗಿ ಅದರ ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬಾರದು. ಗುಮ್ಮಟವನ್ನು ಹಸಿಯಾಗಿ ಮಡಚಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಲೆನ್ಸಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳಿರಲಿ. ತಂದ ವಸ್ತುಗಳ ಪಟ್ಟಿಗೂ ಮರಳಿ ತುಂಬಿದ ವಸ್ತುಗಳಿಗೂ ತಾಳೆ ನೋಡಿ ಇಬ್ಬರು ಸಹಿ ಹಾಕಿದ ಮೇಲೆಯೇ ಬಾಗಿಲು ಹಾಕಬೇಕು.

ಅಜ್ಜ ಅಜ್ಜಿಯರೂ ಒಳಗೆ ಬರಲಿ

ಯಂತ್ರ ಸರಿಯಾಗಿ ನಡೆದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕನ್ನಡದಲ್ಲಿ ವಿವರಿಸುವವರದು. ಧ್ವನಿಮುದ್ರಿತ ಇಂಗ್ಲಿಷ್ ಚಿತ್ರವನ್ನು ಹಾಕಿ ಸುಮ್ಮನೆ ಕೂರುವುದಾದರೆ ಕನ್ನಡ ಸಂಘ ಇದನ್ನು ಏರ್ಪಡಿಸಿ ಏನು ಬಂತು? ಕೃತ್ತಿಕೆಯ ಗೊಂಚಲು, ಅದರ ಪಕ್ಕದ ಕೆಂಬಣ್ಣದ ರೋಹಿಣಿ, ಆರ್ದ್ರಾ, ಮಖಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ, ಶ್ರವಣ ಇವೆಲ್ಲ ಪಂಚಾಂಗದಲ್ಲಿ ಮಾತ್ರ ಇರುವ ಹೆಸರುಗಳಲ್ಲ. ಕಣ್ಣಿಗೆ ಕಾಣುವ, ಬೆರಳು ಮಾಡಿ ತೋರಿಸಬಹುದಾದ ತಾರೆಗಳು.

ಊರಿನ ಆಕಾಶಕ್ಕೂ ಮುಂಬಯಿಯ ಆಕಾಶಕ್ಕೂ ಇರುವ ವ್ಯತ್ಯಾಸವನ್ನೂ ತೋರಿಸಬಹುದು. ಸಾಫ್ಟ್‌ವೇರಿನಲ್ಲಿ ಮುಂಬಯಿಯಿಂದ ಮಂಗಳೂರಿಗೆ ಬದಲಿಸಿದರೆ ಧ್ರುವ ನಕ್ಷತ್ರ 19 ಡಿಗ್ರಿಯಿಂದ 13 ಡಿಗ್ರಿಗೆ ಇಳಿಯುತ್ತದೆ, ದಕ್ಷಿಣದ ಅಗಸ್ತ್ಯ ಅಷ್ಟೇ ಮೇಲೇರುತ್ತದೆ. ಭೂಮಿ ದುಂಡಗಿದೆ ಎಂಬುದನ್ನು ಮಕ್ಕಳು ತಮ್ಮ ರಜೆಯ ಪ್ರಯಾಣದಿಂದಲೇ ಅರಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಒಂದು ಪ್ರದರ್ಶನವನ್ನು ಹಿರಿಯ ಸದಸ್ಯರಿಗೆಂದೇ ಮೀಸಲಿಡಬೇಕು. ಗದ್ದೆ ಬಿಟ್ಟು ಬಂದು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಈ ನಗರದಲ್ಲಿ ಬಾಳು ಕಟ್ಟಿಕೊಂಡ ಅಜ್ಜಂದಿರಿಗೆ ಮೃಗಶಿರಾ ಮಳೆ, ಆರ್ದ್ರಾ ಮಳೆ ಎಂಬ ಮಳೆ ನಕ್ಷತ್ರಗಳ ಹೆಸರು ಬಾಯಿಪಾಠ. ಜೂನ್ 22ರ ಸುಮಾರಿಗೆ ಆರ್ದ್ರಾ ಮಳೆ ಹಿಡಿಯುತ್ತದೆ ಎಂದು ಅವರು ಹೇಳಬಲ್ಲರು. ಆ ದಿನದ ಮಧ್ಯಾಹ್ನವನ್ನು ಗುಮ್ಮಟದ ಮೇಲೆ ತಂದು, ‘ಎ’ ಕೀಲಿ ಒತ್ತಿ ವಾತಾವರಣದ ಬೆಳಕನ್ನು ತೆಗೆದುಬಿಟ್ಟರೆ, ಹಗಲಿನಲ್ಲೇ ನಕ್ಷತ್ರಗಳು ಮೂಡಿ, ಸೂರ್ಯ ಆರ್ದ್ರಾ ತಾರೆಯ ನೇರದಲ್ಲಿ ನಿಂತಿರುವುದು ಕಾಣುತ್ತದೆ. ಸೂರ್ಯನ ಪ್ರಭೆಯಲ್ಲಿ ಮುಚ್ಚಿಹೋಗಿ ಆ ದಿನಗಳಲ್ಲಿ ಯಾರ ಕಣ್ಣಿಗೂ ಬೀಳದ ನಕ್ಷತ್ರದ ಹೆಸರನ್ನೇ ನಮ್ಮ ಹಿರಿಯರು ಆ ಮಳೆಗೆ ಇಟ್ಟರು. ಅಜ್ಜ ಹೆಸರು ಹೇಳಿದರೆ ಮೊಮ್ಮಗು ಕೀಲಿ ಒತ್ತಿ ತೋರಿಸುತ್ತದೆ.

ಸಂಘ-ಸಂಸ್ಥೆಗಳು ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿ ಮಾಡುವಾಗ ಹಾಸ್ಯ, ಹಾಡು, ನೃತ್ಯಗಳ ಜೊತೆಗೆ ಈ ಆಕಾಶಕ್ಕೂ ಒಂದು ಭಾನುವಾರವನ್ನು ಕೊಡಲಿ. ಸಂಕಲ್ಪದ ವೇಳೆ ‘ರೋಹಿಣಿ’ ಎಂದು ಕೇಳಿಸಿಕೊಂಡ ಮಗು, ಮುಂದಿನ ಚಳಿಗಾಲದಲ್ಲಿ ಊರಿನ ಬಸ್ಸಿಳಿದು ಅಂಗಳಕ್ಕೆ ಬಂದ ರಾತ್ರಿ ತಲೆಯೆತ್ತಿ ತಾನೇ ಅದನ್ನು ಗುರುತಿಸಲಿ.